ಇಸ್ತ್ರಿ ಅಂಗಡಿಯವಳ ತಲೆ

ನನ್ನ ತಲೆಗೆ ಯಾರೂ ಕೈ ಹಾಕುವಂತಿಲ್ಲ. ಮನೆ ಬಿಟ್ಟು ಹಾಸ್ಟೆಲ್ ಸೇರಿದ ದಿನ ಮಾಡಿಕೊಂಡ ಕಾನೂನು ಇದು. ಸಲೂನಿನವರು, ಗೆಳತಿಯರು, ಬಸ್ಸಿನಲ್ಲಿ ಪಕ್ಕಕ್ಕೆ ಕೂತು 'ಇದು ನಿಜವಾದ ಕೂದಲೇನಮ್ಮಾ' ಎಂದು ಬೆರಳು ಚಾಚುವವರು, ಎಲ್ಲರಿಗೂ ಒಂದೇ ನಿಯಮ. ನನ್ನ ಕೂದಲನ್ನು ನಾನೇ ತೊಳೆಯುತ್ತೇನೆ, ನಾನೇ ಸಿಕ್ಕು ಬಿಡಿಸುತ್ತೇನೆ, ಉದ್ದವಾದರೆ ಕನ್ನಡಿ ಮುಂದೆ ಕೂತು ನಾನೇ ಕತ್ತರಿಸುತ್ತೇನೆ. ಇಷ್ಟು ಜಂಬದವಳ ಉದ್ಯೋಗ ಕೇಳಿದರೆ ಜನ ನಗುತ್ತಾರೆ. ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವವಳು ನಾನು. ದಿನವಿಡೀ ಕಂಡವರ ಕಿವಿಯ ಹಿಂದೆ ಬೆರಳು ಹಾಕಿ, ಕಡ್ಡಿ ಬಗ್ಗಿಸಿ, 'ಇಲ್ಲಿ ಒತ್ತುತ್ತಾ? ಇಲ್ಲಿ ನೋಯುತ್ತಾ?' ಎಂದು ಕೇಳುವುದೇ ಕೆಲಸ. ಅದನ್ನು ಎಷ್ಟು ಸಲ ಕೇಳುತ್ತೇನೋ ನನಗೇ ಗೊತ್ತಿಲ್ಲ.

ಕಾನೂನಿಗೆ ಕಾರಣ ನನ್ನ ಅಮ್ಮ. ಅಮ್ಮ ಅಪ್ಪ ಸೇರಿ ಇಸ್ತ್ರಿ ಅಂಗಡಿ ನಡೆಸುತ್ತಾರೆ. ಬೀದಿಗೆ ತೆರೆದುಕೊಂಡ ಕೋಣೆ ಅಂಗಡಿ, ಪರದೆಯ ಹಿಂದಿನದು ಮನೆ. ಅಪ್ಪ ಬಟ್ಟೆ ತರುತ್ತಾನೆ, ಒಗೆಯುತ್ತಾನೆ, ಸೈಕಲ್ ಮೇಲೆ ಹೇರಿಕೊಂಡು ಹೋಗಿ ಕೊಟ್ಟು ಬರುತ್ತಾನೆ. ಅಮ್ಮನದು ಇಸ್ತ್ರಿ ಮೇಜು. ಅವಳು ತೀಡಿದ ಪ್ಯಾಂಟಿನ ಗೆರೆಯಲ್ಲಿ ಬೆರಳು ಕುಯ್ದುಕೊಳ್ಳಬಹುದು ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಅವಳಿಗೆ ಸುಕ್ಕು ಕಂಡರೆ ಆಗದು. ಮೇಜುಬಟ್ಟೆ, ದಿಂಬಿನ ಚೀಲ, ಕೈ ಒರೆಸುವ ಚೌಕ, ಎಲ್ಲಕ್ಕೂ ಇಸ್ತ್ರಿ. ಅವಳ ಜಡೆಯೂ ಹಾಗೇ ಇತ್ತು, ನೆಟ್ಟಗೆ, ದಪ್ಪಕ್ಕೆ, ಸೊಂಟದ ಕೆಳಗೆ. ಒಂದು ಎಳೆಯೂ ಅವಳ ಮಾತು ಮೀರಿ ಅತ್ತಿತ್ತ ಹೋಗುತ್ತಿರಲಿಲ್ಲ.

ಅಂಥವಳ ಹೊಟ್ಟೆಯಲ್ಲಿ ನಾನು ಹುಟ್ಟಿದೆ. ಹುಟ್ಟುವಾಗಲೇ ತಲೆ ತುಂಬ ಗುಂಗುರು. ಬಡಪೆಟ್ಟಿಗೆ ಬಗ್ಗದ, ಮಳೆ ಮೋಡ ಕಂಡರೆ ಸಾಕು ಕೆದರಿ ಎರಡು ಪಟ್ಟಾಗುವ ಗುಂಗುರು. ಇದು ಅಪ್ಪನ ಕಡೆಯದು ಎಂದು ಅಮ್ಮ, ತನ್ನದಲ್ಲವೇ ಅಲ್ಲ ಎಂದು ಅಪ್ಪ. ಅಪ್ಪನ ತಲೆ ನನಗೆ ಬುದ್ಧಿ ಬರುವ ಮೊದಲೇ ಬೋಳಾಗಿದ್ದರಿಂದ ಸಾಕ್ಷಿ ಉಳಿದಿರಲಿಲ್ಲ, ಮೊಕದ್ದಮೆ ಇತ್ಯರ್ಥವಾಗಲಿಲ್ಲ. ಮನೆಯಲ್ಲಿ ನನಗಿದ್ದ ಹೆಸರು 'ಪೊದೆ'.

ಇಸ್ತ್ರಿ ಪೆಟ್ಟಿಗೆ ಕಾಯುವುದಕ್ಕೂ ಶಾಲೆಯ ಬಸ್ಸು ಬರುವುದಕ್ಕೂ ನಡುವೆ ಸ್ವಲ್ಪ ಹೊತ್ತು ಇರುತ್ತಿತ್ತು. ಆ ಹೊತ್ತು ನನ್ನ ತಲೆಗೆ ಮೀಸಲು. ಅಮ್ಮ ಸ್ಟೂಲಿನ ಮೇಲೆ ಕೂತು ನನ್ನನ್ನು ಮೊಣಕಾಲುಗಳ ನಡುವೆ ಬಿಗಿಹಿಡಿದು, ಒಣ ಕೂದಲಿಗೆ ಬುಡದಿಂದಲೇ ಬಾಚಣಿಗೆ ಹಾಕುತ್ತಿದ್ದಳು. ಗುಂಗುರು ಕೂದಲಿಗೆ ಮಾಡಬಾರದ್ದು ಏನೇನಿದೆಯೋ ಅಷ್ಟನ್ನೂ ಶ್ರದ್ಧೆಯಿಂದ ಮಾಡುತ್ತಿದ್ದಳು. ಬಾಚಣಿಗೆ ಗಂಟಿಗೆ ಸಿಕ್ಕಿಕೊಂಡರೆ ಇನ್ನೂ ಜೋರಾಗಿ ಎಳೆತ. ಹಲ್ಲು ಮುರಿದ ಬಾಚಣಿಗೆಗಳು ನಮ್ಮ ಮನೆಯಲ್ಲಿ ಇದ್ದಷ್ಟು ಇನ್ನೆಲ್ಲೂ ಇರಲಿಕ್ಕಿಲ್ಲ. ನಾನು ಕಿರುಚಿದರೆ ಒಂದೇ ಉತ್ತರ, "ಅಲ್ಲಾಡಬೇಡ." ಇನ್ನೂ ಅತ್ತರೆ, "ಇಸ್ತ್ರಿ ಅಂಗಡಿಯವಳ ಮಗಳ ತಲೆ ನೋಡಿ ಅಂತ ಊರವರು ಆಡ್ಕೋಬೇಕಾ? ಆಮೇಲೆ ಬಟ್ಟೆ ಯಾರು ಕೊಡ್ತಾರೆ?"

ಶಾಲೆಯಲ್ಲಿ ಗುಂಪು ಫೋಟೋ ತೆಗೆಯುವ ದಿನವಂತೂ ಅವಳು ತನ್ನ ವಿದ್ಯೆಯನ್ನೇ ಬಳಸಿದಳು. ನನ್ನ ಕೆನ್ನೆಯನ್ನು ಇಸ್ತ್ರಿ ಮೇಜಿಗೆ ಒತ್ತಿ ಮಲಗಿಸಿ, ಕೂದಲನ್ನು ಬಟ್ಟೆಯ ಹಾಗೆ ಹರಡಿ, ಮೇಲೆ ಒದ್ದೆ ಕರ್ಚೀಫು ಹೊದಿಸಿ ಇಸ್ತ್ರಿ ಹೊಡೆದಳು. ರೇಷ್ಮೆಗೆ ಹೊಡೆಯುವ ಕಾವು ಇಟ್ಟಿದ್ದೇನೆ, ಹೆದರಬೇಡ ಎಂದಳು. ನಾನು ಹೆದರಿ ಕತ್ತು ತಿರುಗಿಸಿದೆ, ಪೆಟ್ಟಿಗೆಯ ಮೂಗು ಕಿವಿಯ ಅಂಚಿಗೆ ತಗುಲಿತು. ಆ ಗುರುತು ಈಗಲೂ ಇದೆ. ಫೋಟೋದವನು ಬರುವ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿದು, ಫೋಟೋದಲ್ಲಿ ನನ್ನ ತಲೆಯ ಒಂದು ಪಕ್ಕ ನೆಟ್ಟಗಿದೆ, ಇನ್ನೊಂದು ಪಕ್ಕ ಪೊದೆ.

ದೊಡ್ಡವಳಾದ ಮೇಲೆ ನನಗೆ ಅಮ್ಮನ ಬಾಯಿಂದ ಬೇಕಾಗಿದ್ದದ್ದು ಒಂದೇ ಮಾತು. ನಿನಗೆ ಆಗ ನೋಯುತ್ತಿತ್ತು ಎಂದು ಅವಳು ಒಪ್ಪಿಕೊಳ್ಳಬೇಕು. ಕ್ಷಮೆ ಗಿಮೆ ಏನೂ ಬೇಡ. ಕೆಲವು ಸಲ ನಾನೇ ಮಾತು ತೆಗೆದಿದ್ದೆ. ಪ್ರತಿ ಸಲವೂ ಅವಳು ಮೂಗು ಮುರಿದು, "ಎಲ್ಲಿ ನೋಯ್ತಿತ್ತು? ನೀನು ನಾಟಕ ಮಾಡ್ತಿದ್ದೆ" ಎಂದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ನಾನು ಎರಡು ಬೀದಿ ಆಚೆ ಮನೆ ಮಾಡಿದ್ದರೂ ಅಲ್ಲಿಗೆ ಹೋಗುವುದು ಅಪರೂಪವಾಯಿತು. ಹೋದರೂ ಅಪ್ಪನ ಹತ್ತಿರ ಮಾತಾಡಿ, ಚಹಾ ಕುಡಿದು, ಎದ್ದು ಬರುತ್ತಿದ್ದೆ.

ಆಮೇಲೆ ಅಮ್ಮನಿಗೆ ಕ್ಯಾನ್ಸರ್ ಬಂತು. ಅದರ ಕಥೆ ಹೇಳಲು ನಾನು ಕೂತಿಲ್ಲ. ಚಿಕಿತ್ಸೆ ಆಯಿತು, ಬದುಕಿದಳು, ಅಷ್ಟು ಸಾಕು. ಕೂದಲು ಉದುರಿತು. ಉದುರಿದಾಗ ಅವಳು ಹಲ್ಲು ಕಚ್ಚಿಕೊಂಡು ತುಟಿ ಪಿಟಕ್ಕೆನ್ನಲಿಲ್ಲ. ಅತ್ತಿದ್ದು ಕೂದಲು ಮತ್ತೆ ಬಂದಾಗ. ಯಾಕೆಂದರೆ ಬಂದದ್ದು ಗುಂಗುರು. ಸಣ್ಣ ಸಣ್ಣ ಸುರುಳಿ, ಒಂದರೊಳಗೊಂದು ಹೆಣೆದುಕೊಂಡು, ನನ್ನದಕ್ಕಿಂತ ಒಂದು ಕೈ ಮೇಲು. ಡಾಕ್ಟರಮ್ಮ ನಮ್ಮಿಬ್ಬರ ಎದುರಿಗೇ ವಿವರಿಸಿದರು. ಚಿಕಿತ್ಸೆಯ ನಂತರ ಕೆಲವರಿಗೆ ಹೀಗೆ ಬರುತ್ತದೆ, ಎಷ್ಟೋ ಜನಕ್ಕೆ ನಿಧಾನವಾಗಿ ಮೊದಲಿನ ಕೂದಲೇ ತಿರುಗಿ ಬರುತ್ತದೆ, ಕಾಯಬೇಕು ಎಂದರು.

"ಎಷ್ಟು ಕಾಯ್ಬೇಕು?" ಎಂದಳು ಅಮ್ಮ.

"ಹೇಳಕ್ಕಾಗಲ್ಲಮ್ಮ. ಅಲ್ಲೀವರೆಗೂ ಬಿಸಿ ತಾಗಿಸಬೇಡಿ, ಕೆಮಿಕಲ್ ಹಾಕಬೇಡಿ. ಹೀಗೇ ಚೆನ್ನಾಗಿದೆಯಲ್ಲ."

ಅಮ್ಮ ಅವರನ್ನು ನೋಡಿದ ನೋಟಕ್ಕೆ ಗಂಜಿ ಹಾಕದ ಕಾಲರೂ ತಾನಾಗಿ ಸೆಟೆದು ನಿಲ್ಲುತ್ತಿತ್ತು.

ನಾನು ಒಳಗೊಳಗೇ ಖುಷಿಪಟ್ಟೆ. ತಾಯಿ ಸಾವಿನ ಬಾಯಿಂದ ಎದ್ದು ಬಂದಿದ್ದಾಳೆ, ಮಗಳು ಹೀಗಾ ಯೋಚಿಸುವುದು ಎಂದು ಕೇಳುವವರು ಕೇಳಲಿ. ತಕ್ಕ ಶಾಸ್ತಿ ಆಯಿತು ಎಂದೇ ನನಗೆ ಅನಿಸಿತು.

ಅಮ್ಮ ಅಂಗಡಿಯ ಮುಂಭಾಗಕ್ಕೆ ಬರುವುದನ್ನು ಬಿಟ್ಟಳು. ತಲೆಗೆ ಬಟ್ಟೆ ಬಿಗಿದುಕೊಂಡು ಪರದೆಯ ಹಿಂದೆ ನಿಂತು ಇಸ್ತ್ರಿ ಮಾಡಿದಳು. ಗಿರಾಕಿ ಕೂಗಿದರೆ ಅಪ್ಪ ಓಡಬೇಕು. ಯಾರ ಶರ್ಟು ಯಾವುದು ಎಂದು ಅಪ್ಪನಿಗೆ ಗೊತ್ತಾಗದೆ, ಬ್ಯಾಂಕಿನವರ ಪ್ಯಾಂಟು ಬೇಕರಿಯವರ ಮನೆಗೆ ಹೋಗಿ ರಂಪವಾಯಿತು. ಆಗಾಗ ಅಮ್ಮ ತಲೆಬಟ್ಟೆ ಬಿಚ್ಚಿ, ಒಣ ಕೂದಲಿಗೆ ಬುಡದಿಂದ ಬಾಚಣಿಗೆ ಹಾಕುತ್ತಿದ್ದಳಂತೆ. ಬಾಚಿದಷ್ಟೂ ತಲೆ ಉಬ್ಬುತ್ತಿತ್ತಂತೆ. ಒಂದು ಭಾನುವಾರ ಮಧ್ಯಾಹ್ನ ಅಪ್ಪ ಫೋನ್ ಮಾಡಿದ.

"ನಿಮ್ಮಮ್ಮ ಕರ್ಚೀಫು ಒದ್ದೆ ಮಾಡ್ಕೊಂಡು ಇಸ್ತ್ರಿ ಪೆಟ್ಟಿಗೆ ಮುಂದೆ ನಿಂತಿದಾಳೆ ಕಣಮ್ಮ. ಒಂದ್ಸಲ ಬಂದು ಹೋಗು."

ನನ್ನ ತಲೆಯ ಸಾಮಾನಿನ ಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಹೋಗುವಷ್ಟರಲ್ಲಿ ಅಮ್ಮ ಕೆನ್ನೆಯನ್ನು ಮೇಜಿಗೆ ಆನಿಸಿ, ಒಂದು ಕೈಯಲ್ಲಿ ಕರ್ಚೀಫು ಹರಡಿ, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಹಿಡಿದಿದ್ದಳು. ನಾನು ಗೋಡೆಯಿಂದ ಪ್ಲಗ್ ಕಿತ್ತೆ.

"ಕೂತ್ಕೋ," ಎಂದೆ.

"ನೀನ್ಯಾಕೆ ಬಂದೆ?"

"ಕೂತ್ಕೋ ಅಂದ್ನಲ್ಲ."

ಅವಳು ಸ್ಟೂಲಿನ ಮೇಲೆ ಕೂತಳು. ನನ್ನ ಅಮ್ಮ ನನ್ನ ಮಾತು ಕೇಳಿದ್ದು ಅದೇ ಮೊದಲು.

ತಲೆ ಪೂರ್ತಿ ನೆನೆಸಿದೆ. ಬಕೆಟ್ಟಿನ ಮೇಲೆ ಬಗ್ಗಿಸಿ, ನನ್ನ ಚೀಲದಿಂದ ಕಂಡೀಶನರ್ ತೆಗೆದು ಕೈತುಂಬ ಹಚ್ಚಿದೆ. ಬಾಚಣಿಗೆಯನ್ನು ಅವಳ ಕೈಯಿಂದ ಕಿತ್ತು ಪಕ್ಕಕ್ಕಿಟ್ಟು, ಬೆರಳಿನಿಂದಲೇ ಸಿಕ್ಕು ಬಿಡಿಸತೊಡಗಿದೆ. ಮೊದಲು ತುದಿ, ಆಮೇಲೆ ಅದರ ಮೇಲೆ, ಕೊನೆಗೆ ಬುಡ. ಗಂಟು ಸಿಕ್ಕಿದ ಕಡೆ, ಗಂಟಿಗಿಂತ ಮೇಲೆ ಇನ್ನೊಂದು ಕೈಯಲ್ಲಿ ಕೂದಲು ಹಿಡಿದುಕೊಳ್ಳಬೇಕು. ಆಗ ಎಳೆದದ್ದು ಕೈಗೆ ತಾಗುತ್ತದೆ, ನೆತ್ತಿಗೆ ತಾಗುವುದಿಲ್ಲ. ಇದನ್ನು ನಾನು ಅವಳಿಗೆ ಬಾಯಿಬಿಟ್ಟು ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ.

"ಕಾಲರ್ ತಿಕ್ಕುವಾಗ ಅಡಿಗೆ ಕೈ ಕೊಡ್ತೀವಲ್ಲ, ಹಾಗೆ," ಎಂದಳು ಅಮ್ಮ ಬಕೆಟ್ಟಿನೊಳಗಿಂದ.

"ಹೂಂ, ಹಾಗೆ."

ಆಮೇಲೆ ಅಗಸೆ ಬೀಜ ಕುದಿಸಿ ಸೋಸಿದ ಲೋಳೆ. ಅದನ್ನು ಒದ್ದೆ ಕೂದಲಿಗೆ ಸವರಿ, ಅಂಗೈಯಲ್ಲಿ ಮುದುಡಿ ಮುದುಡಿ ಮೇಲಕ್ಕೆ ಒತ್ತಬೇಕು. ಅಮ್ಮ ಬೆರಳಿಗೆ ಒಂದಿಷ್ಟು ತೆಗೆದು ಉಜ್ಜಿ ನೋಡಿದಳು.

"ಗಂಜಿ ಕಣೆ ಇದು."

"ಹಾಗೇ ಅಂದ್ಕೋ."

"ಗಂಜಿ ಹಾಕಿದ್ಮೇಲೆ ಇಸ್ತ್ರಿ ಮಾಡ್ಬೇಕು."

"ಇದಕ್ಕೆ ಮಾಡಬಾರದು. ಒಣಗೋವರೆಗೂ ಮುಟ್ಟಬೇಡ. ಟವೆಲ್ಲಲ್ಲಿ ಉಜ್ಜಬೇಡ."

ಟವೆಲ್ಲಿನ ಬದಲು ಅಪ್ಪನ ಹಳೆಯ ಹತ್ತಿ ಬನಿಯನ್ ಸುತ್ತಿದೆ. "ತಲೆ ಮೇಲೆ ಗಂಡನ್ನ ಹೊತ್ಕೊಂಡ ಹಾಗಾಯ್ತಲ್ಲೇ," ಎಂದ ಅಪ್ಪ. "ನೀವು ಬಾಯಿ ಮುಚ್ಕೊಂಡು ಕಾಲುಚೀಲ ಜೋಡಿಸ್ರಿ," ಎಂದಳು ಅಮ್ಮ.

ಒಣಗಿದ ಮೇಲೆ ಕನ್ನಡಿ ಹಿಡಿದೆ. ಕೆದರಿಕೊಂಡಿದ್ದ ಉಂಡೆ ಹೋಗಿ, ಸುರುಳಿಗಳು ಒಂದೊಂದಾಗಿ ಹದ್ದುಬಸ್ತಿಗೆ ಬಂದು ಹಣೆಯ ಸುತ್ತ ಕೂತಿದ್ದವು. ಅಮ್ಮ ಕನ್ನಡಿಯಲ್ಲಿ ತನ್ನನ್ನು ನೋಡಲಿಲ್ಲ, ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ. "ಇದು ಎಷ್ಟು ದಿನ ನಿಲ್ಲುತ್ತೆ?" ಎಂದಳು.

"ಮುಂದಿನ ಭಾನುವಾರ ಮತ್ತೆ ಮಾಡ್ಬೇಕು."

"ಬರ್ತೀಯಾ?"

"ಬರ್ತೀನಿ," ಎಂದೆ. ಯಾಕೆ ಹಾಗೆಂದೆನೋ.

ಮಾರನೆಯ ದಿನ ಅವಳು ತಲೆಬಟ್ಟೆ ಬಿಚ್ಚಿ ಅಂಗಡಿಯ ಮುಂದೆ ನಿಂತಳು. ಬ್ಯಾಂಕಿನವರ ಪ್ಯಾಂಟು ಬ್ಯಾಂಕಿನವರಿಗೇ ಹೋಯಿತು. ಭಾನುವಾರಗಳು ರೂಢಿಯಾದವು. ಮಧ್ಯಾಹ್ನ ಷಟರ್ ಅರ್ಧ ಇಳಿಸುವುದು, ಬಕೆಟ್ಟು, ಲೋಳೆ, ಬನಿಯನ್. ಬನಿಯನ್ನಿಗೆ ಅಮ್ಮ ಇಸ್ತ್ರಿ ಹೊಡೆದು ಮಡಿಚಿಟ್ಟಿರುತ್ತಿದ್ದಳು, ಕೇಳಬೇಕೆ. ಅವಳ ತಲೆ ನನ್ನ ಕೈಯಲ್ಲಿರುವಷ್ಟು ಹೊತ್ತು ನಾವು ಮಾತಾಡುತ್ತಿದ್ದೆವು. ಗಿರಾಕಿಗಳ ಮನೆ ಸುದ್ದಿ, ನನ್ನ ಅಂಗಡಿಗೆ ಬಂದು ಫ್ರೇಮು ಮೂಗಿಗೆ ಸರಿಯಾಗಿ ಕೂರುತ್ತಿಲ್ಲ ಎಂದು ಜಗಳ ಆಡಿದವರ ಸುದ್ದಿ. ಒಮ್ಮೆ ನಾನು ಒಳಗೆ ಲೋಳೆ ಕುದಿಸುತ್ತಿದ್ದಾಗ ಟೀಚರೊಬ್ಬರು ಬಂದು, ತಲೆ ಎಲ್ಲಿ ಮಾಡಿಸಿದಿರಿ, ಯಾವ ಪಾರ್ಲರು ಎಂದು ಕೇಳಿದ್ದು ಪರದೆಯಾಚೆ ಕೇಳಿಸಿತು. "ನನ್ ಮಗಳು ಮಾಡ್ತಾಳೆ. ಬೇರೆಯವರಿಗೆಲ್ಲ ಮಾಡಲ್ಲ ಅವಳು," ಎಂದಳು ಅಮ್ಮ. ನನಗೆ ಎಷ್ಟು ಸಂತೋಷವಾಯಿತೆಂದರೆ ಲೋಳೆ ಉಕ್ಕಿ ಒಲೆ ಆರಿತು.

ಆದರೂ ಆ ಮಾತು ಬರಲಿಲ್ಲ. ತನ್ನ ತಲೆಯಲ್ಲೇ ಸಿಕ್ಕಿನ ರುಚಿ ಕಂಡವಳು, ಈಗಲಾದರೂ ಹೇಳಬಹುದು ಎಂದು ಪ್ರತಿ ಭಾನುವಾರವೂ ಕಾದೆ. ಅವಳು ಅದೊಂದನ್ನು ಬಿಟ್ಟು ಊರೆಲ್ಲ ಮಾತಾಡುತ್ತಿದ್ದಳು. ನಾನೂ ಕೇಳಲಿಲ್ಲ. ಕೇಳಿದರೆ 'ನಾಟಕ' ಎನ್ನುತ್ತಾಳೆ, ಆಗ ನನಗೆ ಸಿಟ್ಟು ಬರುತ್ತದೆ, ಭಾನುವಾರ ನಿಲ್ಲುತ್ತದೆ. ನಿಲ್ಲುವುದು ನನಗೆ ಬೇಡವಾಗಿತ್ತು.

ಹೀಗೇ ವರ್ಷ ಕಳೆದು ಇನ್ನೊಂದು ವರ್ಷಕ್ಕೆ ಬಿತ್ತು. ತುದಿ ಒರಟಾದಾಗೆಲ್ಲ ನಾನೇ ಕತ್ತರಿಸುತ್ತಿದ್ದೆ, ಒಣಗಿದ ಮೇಲೆ, ಸುರುಳಿ ಸುರುಳಿಯಾಗಿ. ಬರಬರುತ್ತ ಬುಡದ ಕಡೆ ಸುರುಳಿ ಸಡಿಲವಾಗುತ್ತಿತ್ತು, ಉದ್ದದ ಭಾರಕ್ಕೆ ಎಂದುಕೊಂಡಿದ್ದೆ. ಅಂಥದ್ದೊಂದು ಕತ್ತರಿಯ ದಿನವಾದ ಮೇಲೆ ಅಮ್ಮನ ನೆಪಗಳು ಶುರುವಾದವು. ಒಂದು ಭಾನುವಾರ ಹೋದರೆ, ಬೆಳಿಗ್ಗೆಯೇ ತಲೆ ತೊಳೆದು ತಾನೇ ಎಲ್ಲ ಹಚ್ಚಿಕೊಂಡೆ, ಸುಮ್ಮನೆ ಸರಿಮಾಡಿ ಹೋಗು ಎಂದಳು. ಮುಂದಿನ ವಾರ ನೆಗಡಿ. ಅದರ ಮುಂದಿನ ವಾರವೂ ನೆಗಡಿ, ಒಂದು ಸೀನೂ ಇಲ್ಲದ ನೆಗಡಿ. ನಾನು ಬೆರಳಿನಿಂದ ಅಲ್ಲಲ್ಲಿ ತೀಡಿ, ಚಹಾ ಕುಡಿದು, ಮಾತಾಡಿ ಬಂದೆ. ಸುರುಳಿಗಳು ಚೆನ್ನಾಗಿಯೇ ಇದ್ದವು. ಎಲ್ಲವೂ ಒಂದೇ ಗಾತ್ರ, ಒಂದೇ ಅಳತೆ. ಹುಟ್ಟು ಗುಂಗುರು ಹಾಗಿರುವುದಿಲ್ಲ, ಒಂದೊಂದೂ ಒಂದೊಂದು ಹಠ. ಅದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಅದರ ಮುಂದಿನ ಭಾನುವಾರ ಅವಳ ತಲೆಯ ಹಿಂಭಾಗ ಸ್ವಲ್ಪ ಕೆದರಿತ್ತು.

"ಇಲ್ಲಿ ಒಂಚೂರು ನೀರು ಹಾಕ್ತೀನಿ," ಎಂದೆ.

"ಬೇಡ. ನೆಗಡಿ ಇನ್ನೂ ಹೋಗಿಲ್ಲ."

"ಹನಿ ನೀರಿಗೆ ಏನಾಗುತ್ತೆ?"

ಬಟ್ಟೆಗೆ ನೀರು ಸಿಂಪಡಿಸುವ ಬಾಟಲಿ ಇಸ್ತ್ರಿ ಮೇಜಿನ ಮೇಲೇ ಇತ್ತು. ಅವಳು ಕೈ ಅಡ್ಡ ತರುವಷ್ಟರಲ್ಲಿ ನಾನು ಒತ್ತಿಬಿಟ್ಟೆ. ಗುಂಗುರು ಕೂದಲು ನೀರು ತಾಗಿದರೆ ಇನ್ನಷ್ಟು ಸುರುಳಿಯಾಗಿ ಮೇಲಕ್ಕೆ ಹೋಗುತ್ತದೆ. ಅಮ್ಮನದು ಕೆಳಕ್ಕೆ ಬಂತು. ಒಂದೊಂದೇ ಸುರುಳಿ ಬಿಚ್ಚಿಕೊಂಡು, ಕತ್ತಿಗೆ ಅಂಟಿ, ನೆಟ್ಟಗೆ ಮಲಗಿತು. ಬುಡದಿಂದ ತುದಿಯವರೆಗೆ ಒಂದು ಬಾಗೂ ಇಲ್ಲ. ಹಳೆಯ ಜಡೆಯ ಅದೇ ಕೂದಲು.

ಕೂದಲು ಎತ್ತಿ ನೋಡಿದೆ. ಎಡಗಿವಿಯ ಹಿಂದೆ ಒಂದು ಎಳೆಗೆ ಬಟ್ಟೆಯ ಚಿಂದಿ ಕಟ್ಟಿದ್ದು ಹಾಗೇ ಉಳಿದಿತ್ತು. ಯಾವುದೋ ಚೌಕಳಿ ಶರ್ಟಿನ ಪಟ್ಟಿ. ಎಲ್ಲವನ್ನೂ ಬಿಚ್ಚುವಾಗ ಅದೊಂದು ಅವಳ ಕೈತಪ್ಪಿದೆ. ಕೂದಲನ್ನು ಚಿಂದಿಗೆ ಸುತ್ತಿ, ಕಟ್ಟಿ, ಗುಂಗುರು ಮಾಡಿಕೊಂಡಿದ್ದಾಳೆ ನನ್ನ ಅಮ್ಮ.

"ಯಾವಾಗಿಂದ?" ಎಂದೆ.

ಅವಳು ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿಕೊಂಡು ಹೇಳಿದಳು, "ಬುಡದಿಂದ ನೆಟ್ಟಗೇ ಬರ್ತಾ ಇತ್ತು. ಆವತ್ತು ನೀನು ತುದಿ ಕತ್ತರಿಸಿದ್ಯಲ್ಲ, ಉಳಿದಿದ್ದ ಗುಂಗುರೂ ಅದರ ಜೊತೆ ಹೋಯ್ತು."

"ನಿನಗೆ ಬೇಕಾಗಿದ್ದೂ ಅದೇ ತಾನೇ?"

"ಹೂಂ."

"ಮತ್ತೆ ಇದೇನಮ್ಮ?"

ಮೂಲೆಯಲ್ಲಿ ಕಾಲುಚೀಲ ಜೋಡಿಸುತ್ತಿದ್ದ ಅಪ್ಪ ತಲೆ ಎತ್ತದೆ ಹೇಳಿದ, "ಶನಿವಾರ ಆದ್ರೆ ತಲೆ ತುಂಬ ಗಂಟು ಕಟ್ಕೋತಾಳೆ. ದಿಂಬಿಗೆ ಒತ್ತುತ್ತೆ ಅಂತ ಕೂತೇ ನಿದ್ದೆ ಮಾಡ್ತಾಳೆ."

"ರೀ, ನಿಮ್ಮನ್ಯಾರು ಕೇಳಿದ್ದು?" ಎಂದಳು ಅಮ್ಮ. ಆಮೇಲೆ ಇಸ್ತ್ರಿ ಮೇಜಿನ ಬಟ್ಟೆಯನ್ನು, ಇಲ್ಲದ ಸುಕ್ಕನ್ನು, ಅಂಗೈಯಿಂದ ಸವರುತ್ತ ಅಂದಳು, "ನೆಟ್ಟಗಿರೋ ತಲೆಗೆ ನೀನ್ಯಾಕೆ ಬರ್ತೀಯಾ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನನ್ನ ತಲೆಯನ್ನು ನೆಟ್ಟಗೆ ಮಾಡಲು ಇಸ್ತ್ರಿ ಹೊಡೆದವಳು, ನಾನು ಬರಲಿ ಎಂದು ತನ್ನ ನೆಟ್ಟನೆಯ ತಲೆಗೆ ಗಂಟು ಕಟ್ಟಿಕೊಂಡು ಕೂತೇ ಮಲಗುತ್ತಿದ್ದಾಳೆ. ಬಾ ಎಂದು ಬಾಯಿಬಿಟ್ಟು ಹೇಳಿದರೆ ಏನು ಗಂಟು ಹೋಗುತ್ತಿತ್ತು ಇವಳದು? ನಾನು ಚೌಕಳಿ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲೆಸೆದೆ. ಮೂಲೆಯಲ್ಲಿದ್ದ ಗಿಡ್ಡನೆಯ ಇನ್ನೊಂದು ಸ್ಟೂಲನ್ನು ಕಾಲಿನಿಂದ ಎಳೆದು ಅವಳ ಮುಂದೆ ಹಾಕಿ, ಬೆನ್ನು ಕೊಟ್ಟು ಕೂತೆ. ತಲೆಯ ಕ್ಲಿಪ್ಪು ಕಿತ್ತೆ. ಪೊದೆ ಭುಜದ ತುಂಬ ಬಿತ್ತು.

"ಇದಕ್ಕೆ ಬರ್ತೀನಿ. ಮಾಡು," ಎಂದೆ.

"ನಾನಾ?"

"ಇನ್ಯಾರು?"

ಅಮ್ಮ ತಕ್ಷಣ ಮುಟ್ಟಲಿಲ್ಲ. ಎದ್ದು ಒಳಗೆ ಹೋಗಿ ಕೈ ತೊಳೆದು, ಒರೆಸಿಕೊಂಡು ಬಂದಳು. ನೀರು ಸಿಂಪಡಿಸಿದಳು. ಅವಳ ಮೊಣಕಾಲು ನನ್ನ ಎರಡೂ ಭುಜಕ್ಕೆ ತಾಗಿದ ಕೂಡಲೇ ನನ್ನ ಕತ್ತು ತಾನಾಗಿಯೇ ಬಿಗಿದುಕೊಂಡಿತು, ಕಣ್ಣು ಮುಚ್ಚಿಕೊಂಡಿತು. ಇಷ್ಟು ವರ್ಷವಾದರೂ ದೇಹ ಮರೆತಿರಲಿಲ್ಲ. ನಾನು ಕಾದೆ. ಎಳೆತ ಬರಲಿಲ್ಲ. ಅವಳು ತುದಿಯಿಂದ ಶುರುಮಾಡಿದ್ದಳು. ಗಂಟು ಸಿಕ್ಕಿದಾಗ ಅದರ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

"ನೋಯ್ತಾ?" ಎಂದಳು.

"ಇಲ್ಲ."

ಇನ್ನೊಂದು ಗಂಟು. ಮತ್ತೆ ಕೇಳಿದಳು. ಮತ್ತೆ ಇಲ್ಲವೆಂದೆ.

"ಆಗ ನೋಯ್ತಿತ್ತು," ಎಂದೆ. ನಾಟಕ ಎನ್ನುತ್ತಾಳೆ, ಅಂದರೆ ಎದ್ದು ಹೋಗಿಬಿಡುವುದು ಎಂದುಕೊಂಡೇ ಅಂದೆ.

ಅಮ್ಮನ ಬೆರಳು ನಿಂತಿತು.

"ಗೊತ್ತಿತ್ತು," ಎಂದಳು. "ಕೈಗೆ ಗೊತ್ತಾಗಲ್ವಾ? ಬಸ್ ಬಂದುಬಿಡ್ತಿತ್ತು ಕಣೆ."

ಬೆರಳು ಕೂದಲು ಬಿಟ್ಟು ನನ್ನ ಕಿವಿಯ ಅಂಚಿಗೆ ಬಂತು, ಸುಟ್ಟ ಗುರುತಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಮತ್ತೆ ತುದಿಗೆ ಹೋಯಿತು.

"ಅಲ್ಲಾಡಬೇಡ," ಎಂದಳು.

ನಾನು ಅಲ್ಲಾಡಿರಲಿಲ್ಲ. ಅಳುತ್ತಿದ್ದೆ, ಅದಕ್ಕೆ ತಲೆ ಅಲುಗಿರಬೇಕು.